ಎಲ್ಬೆ ನದಿಯ ಮುರಿದ ಸೇತುವೆ

1945ರ ಜನವರಿ ಹೊತ್ತಿಗೆ ಜರ್ಮನಿ ಸೋತಾಗಿದೆ ಎಂಬುದು ಕಂದಕದಲ್ಲಿ ಕೂತ ಕಾಲಾಳಿಗೂ ತಿಳಿಯದ ಗುಟ್ಟೇನಲ್ಲ. ಸಿನಿಮಾಗಳಲ್ಲಿ ಆತ ಟ್ಯಾಂಕ್ ಏರಿ ಬರುತ್ತಾನೆ. ನಿಜದಲ್ಲಿ ಅವನ ತುಕಡಿಯ ಸಾಮಾನು ಕೊನೆಯವರೆಗೂ ಕುದುರೆಗಾಡಿಯಲ್ಲೇ ಸಾಗುತ್ತಿತ್ತು, ಅವನು ಅದರ ಹಿಂದೆ ಕೆಸರು ತುಳಿಯುತ್ತಿದ್ದ. ಆ ಒಂದೇ ತಿಂಗಳಲ್ಲಿ ನಾಲ್ಕೂವರೆ ಲಕ್ಷ ಜರ್ಮನ್ ಸೈನಿಕರು ಸತ್ತರು ಎಂದು ಇತಿಹಾಸಕಾರ ರೂಡಿಗರ್ ಓವರ್‌ಮನ್ಸ್ ಲೆಕ್ಕ ಹಾಕಿದ್ದಾರೆ. ಇಡೀ ಯುದ್ಧದ ಬೇರಾವ ತಿಂಗಳಲ್ಲೂ ಆ ಕಡೆ ಅಷ್ಟು ಹೆಣ ಬಿದ್ದಿರಲಿಲ್ಲ. ಗೆಲ್ಲುವ ಆಸೆ ಹೋದ ಮೇಲೂ ಬಂದೂಕು ಕೆಳಗಿಡಲಿಲ್ಲವೇಕೆ? ಸುತ್ತಲಿನ ಗೆಳೆಯರಿಗಾಗಿ ಎಂದರು ಸಮಾಜಶಾಸ್ತ್ರಜ್ಞರಾದ ಶಿಲ್ಸ್ ಮತ್ತು ಜಾನೊವಿಟ್ಸ್, 1948ರಲ್ಲಿ. ತಿಂಗಳಿಗೊಮ್ಮೆ ತುಕಡಿಯೇ ಅಳಿದು ಹೊಸಬರು ತುಂಬಿಕೊಳ್ಳುತ್ತಿದ್ದಾಗ ಗೆಳೆತನ ಬೇರು ಬಿಡುವುದೆಲ್ಲಿ, ನಾಜಿ ನಂಬಿಕೆ ಮತ್ತು ಕಠೋರ ಶಿಸ್ತೇ ಅವರನ್ನು ಹಿಡಿದಿಟ್ಟಿದ್ದು ಎಂದು ಇತಿಹಾಸಕಾರ ಓಮರ್ ಬಾರ್ಟೊವ್ ಕೇಳಿದ್ದು ನ್ಯಾಯವಾಗಿಯೇ ಇದೆ. ಆದರೂ ಎರಡೂ ಉತ್ತರ ಒಂದು ಕಡೆ ಎಡವುತ್ತವೆ.

ಭೂಪಟದ ಎರಡು ಅಂಚನ್ನು ನೋಡಿ. 1945ರ ಏಪ್ರಿಲ್‌ನಲ್ಲಿ ಪಶ್ಚಿಮದ ರೂರ್ ಪ್ರದೇಶದಲ್ಲಿ ಸುತ್ತುವರಿಯಲ್ಪಟ್ಟ ಮೂರು ಲಕ್ಷಕ್ಕೂ ಹೆಚ್ಚು ಸೈನಿಕರು ಅಮೆರಿಕನ್ನರಿಗೆ ಕೈಯೆತ್ತಿ ಶರಣಾದರು. ಅದೇ ತಿಂಗಳ 16ರಂದು ಪೂರ್ವದ ಸೀಲೋ ದಿಬ್ಬಗಳಲ್ಲಿ ಅದೇ ಸಮವಸ್ತ್ರದವರು, ಅದೇ ಹರಕು ಬೂಟಿನವರು, ಕೆಂಪು ಸೇನೆಯನ್ನು ದಿನಗಟ್ಟಲೆ ತಡೆದು ನಿಂತರು. ಗೆಳೆತನವೋ ಹಿಟ್ಲರ್ ಭಕ್ತಿಯೋ ಕಾರಣವಾಗಿದ್ದರೆ ದಿಕ್ಕು ಬದಲಾದ ಮಾತ್ರಕ್ಕೆ ಅದು ಆರಿಹೋಗಬಾರದಿತ್ತು. ಬದಲಾಗಿದ್ದು ಎದುರಾಳಿ. ಸೆರೆಸಿಕ್ಕ ಸುಮಾರು 57 ಲಕ್ಷ ಸೋವಿಯತ್ ಸೈನಿಕರಲ್ಲಿ 33 ಲಕ್ಷದಷ್ಟು ಮಂದಿ ಜರ್ಮನ್ನರ ಕೈಯಲ್ಲಿ ಹಸಿವು, ಚಳಿ, ಗುಂಡಿಗೆ ಸತ್ತಿದ್ದರು. ಪೂರ್ವದಲ್ಲಿ ತಾವು ಸುಟ್ಟ ಹಳ್ಳಿಗಳ ಸುದ್ದಿ ರಜೆಗೆ ಬಂದವರ ಬಾಯಲ್ಲಿ ಮನೆ ಮುಟ್ಟಿತ್ತು. ಬ್ರಿಟಿಷರು ಸೆರೆಮನೆಗಳಲ್ಲಿ ಅಡಗಿಸಿಟ್ಟ ಮೈಕ್ರೊಫೋನ್‌ಗಳಿಗೆ ಸಿಕ್ಕ ಜರ್ಮನ್ ಯುದ್ಧಕೈದಿಗಳ ಮಾತುಕತೆಗಳಲ್ಲೂ ಆ ಕೊಲೆಗಳ ಪ್ರಸ್ತಾಪ ಬರುತ್ತದೆ. ಕಾಲಾಳು ಹೆದರಿದ್ದು ಲೆಕ್ಕ ಚುಕ್ತಾ ಆಗುವ ದಿನಕ್ಕೆ.

ಇದಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ: ಬೆನ್ನ ಹಿಂದೆ ಅವರದೇ ಕೋರ್ಟ್ ಮಾರ್ಷಲ್ ಇತ್ತಲ್ಲ? ಇತ್ತು, ಘೋರವಾಗಿಯೇ ಇತ್ತು. ಮೊದಲ ಮಹಾಯುದ್ಧದಲ್ಲಿ ತನ್ನ 48 ಸೈನಿಕರನ್ನು ಗಲ್ಲಿಗೋ ಗುಂಡಿಗೋ ಒಪ್ಪಿಸಿದ್ದ ಸೇನೆ ಎರಡನೆಯದರಲ್ಲಿ ಸುಮಾರು 20 ಸಾವಿರ ಮಂದಿಯನ್ನು ಕೊಂದಿತು. ಕೊನೆಯ ವಾರಗಳಲ್ಲಿ ಓಡಿಹೋದವನನ್ನು ರಸ್ತೆ ಬದಿಯ ಮರಕ್ಕೆ ನೇತುಹಾಕಿ, ‘ನಾನು ಹೇಡಿ’ ಎಂಬಂಥ ಹಲಗೆಯನ್ನು ಕೊರಳಿಗೆ ಕಟ್ಟುತ್ತಿದ್ದರು. ಆದರೆ ಈ ಹಗ್ಗ ಪಶ್ಚಿಮದಲ್ಲೂ ತೂಗುತ್ತಿತ್ತು. ರೈನ್ ನದಿಯ ರೆಮಾಗೆನ್ ಸೇತುವೆ ಕೈತಪ್ಪಿದ್ದಕ್ಕೆ ನಾಲ್ವರು ಅಧಿಕಾರಿಗಳನ್ನು ಗುಂಡಿಟ್ಟು ಕೊಂದಿದ್ದು ಅಲ್ಲೇ. ಆದರೂ ಅಲ್ಲಿನವರು ಶರಣಾದರು. ಆರ್ಡೆನ್ಸ್ ಕಾಡಿನಲ್ಲಿ ಪಶ್ಚಿಮದವರೂ ಬಿಡದೆ ಕಾದಾಡಲಿಲ್ಲವೇ ಎಂದರೆ ಒಪ್ಪುವೆ. ಅದು 1944ರ ಡಿಸೆಂಬರ್, ರೈನ್ ನದಿಯನ್ನು ಶತ್ರು ದಾಟುವ ಮುಂಚಿನ ಮಾತು. ಇನ್ನು, ಕೊನೆಯ ಚಳಿಗಾಲದಲ್ಲಿ ಹಿಡಿದು ತಂದ 16ರ ಹುಡುಗ ಯಾವ ಹಳ್ಳಿ ಸುಟ್ಟಿದ್ದ? ಯಾವುದನ್ನೂ ಇಲ್ಲ. ಅಣ್ಣಂದಿರು ಮಾಡಿದ ಸಾಲಕ್ಕೆ ಅವನ ಕೈಯಲ್ಲಿ ಟ್ಯಾಂಕ್ ಒಡೆಯುವ ಪಾಂಜರ್‌ಫೌಸ್ಟ್ ಕೊಟ್ಟು ಜಾಮೀನು ನಿಲ್ಲಿಸಿದ್ದರು, ಅಷ್ಟೆ. ಅವನ ಬಗ್ಗೆ ಮರುಕ ತೋರಲು ನನಗೆ ಅಡ್ಡಿಯಿಲ್ಲ. ಆ ಮರುಕವನ್ನು ಹಿಡಿದು ಇಡೀ ಸೇನೆಯನ್ನು ‘ಪಾಪ, ಆಜ್ಞೆ ಪಾಲಿಸಿದವರು’ ಎಂದು ತೊಳೆಯುವುದಕ್ಕೆ ಅಡ್ಡಿಯಿದೆ. ಯುದ್ಧಾನಂತರದ ಪಶ್ಚಿಮ ಜರ್ಮನಿ ದಶಕಗಟ್ಟಲೆ ಮಾಡಿದ್ದು ಅದನ್ನೇ. ಓಡಿಹೋದವರ ಮೇಲಿನ ತೀರ್ಪುಗಳು ಒಟ್ಟಾಗಿ ರದ್ದಾಗಲು 2002 ಬರಬೇಕಾಯಿತು.

1945ರ ಮೇ ಮೊದಲ ವಾರ ಟಾಂಗರ್‌ಮ್ಯುಂಡೆಯಲ್ಲಿ ನಡೆದದ್ದು ಇದೆಲ್ಲಕ್ಕೂ ಸಾಕ್ಷಿ. ಬರ್ಲಿನ್ ದಿಕ್ಕಿನಿಂದ ಹಿಮ್ಮೆಟ್ಟಿದ ಜನರಲ್ ವೆಂಕ್‌ನ 12ನೇ ಸೇನೆ, ಜೊತೆಗೆ ಬರ್ಲಿನ್ನಿನ ದಕ್ಷಿಣದ ಹಾಲ್ಬೆ ಕಾಡಿನಲ್ಲಿ ಸುತ್ತುವರಿಯಲ್ಪಟ್ಟು ನುಸುಳಿ ಬಂದ ಅಳಿದುಳಿದವರು, ಎಲ್ಬೆ ನದಿಯ ದಡ ಸೇರಿದ್ದರು. ಸೇತುವೆ ಮುರಿದು ನೀರಿಗೆ ಬಿದ್ದಿತ್ತು. ಹಿಂದೆ ಒಂದು ಸಾಲು ರಷ್ಯನ್ನರನ್ನು ತಡೆದು ಗುಂಡು ಹಾರಿಸುತ್ತಿದ್ದರೆ, ಮುಂದಿನವರು ತಿರುಚಿದ ಕಬ್ಬಿಣ ಹಿಡಿದು ಒಬ್ಬೊಬ್ಬರಾಗಿ ದಾಟುತ್ತಿದ್ದರು, ಆಚೆ ಕಾಯುತ್ತಿದ್ದ ಅಮೆರಿಕನ್ನರಿಗೆ ಸೆರೆಯಾಗಲೆಂದು. ಜೊತೆಗೆ ಓಡಿ ಬಂದ ಹೆಂಗಸರು ಮಕ್ಕಳಿಗೆ ಆ ಸೇತುವೆ ದಾಟಲು ಅಮೆರಿಕನ್ನರ ಒಪ್ಪಿಗೆ ಇರಲಿಲ್ಲ.