ಕಂಚಿನ ಹೆಸರಿನ ಹೆಣ್ಣುಮಗಳು

ಮುದುಕರಿಗೆ ನಿದ್ರೆ ಕಡಿಮೆ ಎಂಬುದು ಎಲ್ಲರೂ ಬಲ್ಲ ಸಂಗತಿ. 2025ರ ಜುಲೈ 17 ಕಳೆದು 18 ಹುಟ್ಟಿದ ನಡುರಾತ್ರಿ, ಒಂದು ಗಂಟೆ ದಾಟಿದ ಮೇಲೆ ನೀರು ಕುಡಿಯಲೆಂದು ಎದ್ದವನಿಗೆ ನಡುಮನೆಯಲ್ಲಿ ಬೆಳಕು ಕಂಡಿತು. ಮೊಮ್ಮಗಳು ಲ್ಯಾಪ್‌ಟಾಪಿನ ಮುಂದೆ ಮುಸುಕು ಹೊದ್ದು ಕುಳಿತಿದ್ದಳು. ಗದರಿಸಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವಳೇ, "ಅಜ್ಜ, ಬನ್ನಿ ಕೂತ್ಕೊಳ್ಳಿ, ಇಂಗ್ಲೆಂಡ್ ಎರಡು ಗೋಲು ಹಿಂದಿದೆ" ಎಂದಳು. ಕುಳಿತೆ. ಬೆಳಗಿನ ಜಾವದವರೆಗೂ ಏಳಲಿಲ್ಲ.

ಅದು ಯೂರೋಪಿನ ಮಹಿಳಾ ಫುಟ್‌ಬಾಲ್ ಪಂದ್ಯಾವಳಿಯ ಕ್ವಾರ್ಟರ್ ಫೈನಲ್. ಜ್ಯೂರಿಕ್ ನಗರದಲ್ಲಿ ಸ್ವೀಡನ್ ತಂಡದೆದುರು ಇಂಗ್ಲೆಂಡಿನವರು ಸೋತೇಬಿಟ್ಟರೆಂದು ತೋರುತ್ತಿತ್ತು. 79ನೆಯ ನಿಮಿಷದಲ್ಲಿ ಬಲಬದಿಯ ರಕ್ಷಣಾ ಆಟಗಾರ್ತಿಯೊಬ್ಬಳು ಎಲ್ಲಿಂದಲೋ ಮುನ್ನುಗ್ಗಿ ಬಂದು ತಲೆಯಿಂದ ಚೆಂಡನ್ನು ಬಲೆಗೆ ಹೊಡೆದಳು. ಎರಡೇ ನಿಮಿಷದಲ್ಲಿ ಅಜೆಮಾಂಗ್ ಎಂಬ ಹತ್ತೊಂಬತ್ತರ ಹುಡುಗಿ ಇನ್ನೊಂದು ಗೋಲು ಹಾಕಿ ಸಮ ಮಾಡಿದಳು. ಹೆಚ್ಚುವರಿ ಸಮಯವೂ ಮುಗಿದು ಪೆನಾಲ್ಟಿ ಹೊಡೆತಗಳಿಗೆ ಬಂತು. ಎರಡೂ ಕಡೆಯವರು ಸೇರಿ ಹೊಡೆದ 14 ಹೊಡೆತಗಳಲ್ಲಿ ಗೋಲಾದದ್ದು ಐದೇ! ಅಂಥ ಗಲಿಬಿಲಿಯ ನಡುವೆ, ತನ್ನ ತೊಡೆಗೆ ತಾನೇ ಪಟ್ಟಿ ಸುತ್ತಿಕೊಂಡು ಆಡಿದ್ದ ಅದೇ ಬಲಬದಿಯ ಹೆಂಗಸು ಇಂಗ್ಲೆಂಡಿನ ಏಳನೆಯ ಹೊಡೆತಕ್ಕೆ ಬಂದು, ಗೋಲಿಯ ತಲೆಯ ಮೇಲಿಂದ ಚೆಂಡನ್ನು ನೇರವಾಗಿ ಒಳಗೆ ಬಾರಿಸಿದಳು. ಸ್ವೀಡನ್ನಿನವರ ಮುಂದಿನ ಹೊಡೆತ ಹೊರಗೆ ಹೋಯಿತು, ಪಂದ್ಯ ಮುಗಿಯಿತು. ಅವಳ ಹೆಸರೇನೆಂದು ಕೇಳಿದೆ. "ಲೂಸಿ ಬ್ರಾಂಜ್" ಎಂದಳು ಮೊಮ್ಮಗಳು. ಹೆಸರೇ ಕಂಚು. ನಡುಹೆಸರು ಟಫ್, ಅಂದರೆ ಗಟ್ಟಿ. ಅದು ತಾಯಿಯ ತವರಿನ ಹೆಸರಂತೆ. ಗಟ್ಟಿ ಕಂಚು! ನಮ್ಮ ಕಡೆ ಇಂಥ ಹೆಸರಿದ್ದರೆ ಮೇಷ್ಟ್ರುಗಳೇ ಮಕ್ಕಳನ್ನು ಅಣಕಿಸಿ ಅಳಿಸಿಬಿಡುತ್ತಿದ್ದರು.

ಆಮೇಲಿನ ಕೆಲವು ದಿನ ಆ ಹೆಣ್ಣುಮಗಳ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಓದಿದ ಮೇಲೆ ಮನಸ್ಸಿಗೆ ಬಂದ ಒಂದೆರಡು ವಿಚಾರಗಳನ್ನು ಓದುಗ ಮಿತ್ರರ ಮುಂದಿಡಬೇಕೆನಿಸಿದೆ. ಆಟದ ಸೂಕ್ಷ್ಮಗಳನ್ನು ಬಲ್ಲವನಲ್ಲ ನಾನು. ಮೂವತ್ತಕ್ಕೂ ಮಿಕ್ಕಿ ವರ್ಷ ಮಕ್ಕಳ ಮಧ್ಯೆ ಇದ್ದವನ ಮಾತೆಂದು ಮಾತ್ರ ಇದನ್ನು ಭಾವಿಸಬೇಕು.

ಲೂಸಿ ಹುಟ್ಟಿದ್ದು 1991ರ ಅಕ್ಟೋಬರ್‌ನಲ್ಲಿ, ಸ್ಕಾಟ್ಲೆಂಡಿನ ಗಡಿಗೆ ಅಂಟಿಕೊಂಡಂತಿರುವ ಬೆರಿಕ್ ಪಟ್ಟಣದಲ್ಲಿ. ತಂದೆ ಪೋರ್ಚುಗಲ್ ಮೂಲದವರು, ತಾಯಿ ಇಂಗ್ಲಿಷಿನವರು. ಬಾಲ್ಯದ ಕೆಲವು ವರ್ಷ ಲಿಂಡಿಸ್ಫಾರ್ನ್ ಎಂಬ ಪುಟ್ಟ ದ್ವೀಪದಲ್ಲಿ ಕಳೆದವು. ದಿನಕ್ಕೆ ಎರಡು ಸಲ ಸಮುದ್ರ ಉಕ್ಕಿ ಆ ದ್ವೀಪದ ದಾರಿ ಮುಳುಗುತ್ತದೆ. ನೀರಿಳಿದಾಗಲೇ ಹೊರಗಿನ ಲೋಕ. ಮುಂದೆ ಆನಿಕ್ ಎಂಬ ಊರಿನಲ್ಲಿ ಅಣ್ಣನ ಹಿಂದೆ ಓಡಾಡುತ್ತ ಚೆಂಡು ಒದೆಯುವುದನ್ನು ಕಲಿತ ಹುಡುಗಿ ಗಂಡುಹುಡುಗರ ತಂಡದಲ್ಲೇ ಆಡಿದಳು, ಅವರಿಗಿಂತ ಚೆನ್ನಾಗಿಯೇ ಆಡಿದಳು. ಹನ್ನೆರಡರ ಹೊತ್ತಿಗೆ ನಿಯಮ ಅಡ್ಡ ಬಂತು. ಆ ವಯಸ್ಸಿನ ನಂತರ ಹುಡುಗಿಯರು ಹುಡುಗರ ಜೊತೆ ಆಡಕೂಡದೆಂದು ಇಂಗ್ಲೆಂಡಿನ ಫುಟ್‌ಬಾಲ್ ಸಂಸ್ಥೆ ಆಗ ವಿಧಿಸಿತ್ತು. ನಿನ್ನೆಯವರೆಗೆ ತಂಡದ ಕಂಬದಂತಿದ್ದವಳು ಇಂದು ಗೆರೆಯಾಚೆ ನಿಲ್ಲಬೇಕಾಯಿತು.

ಈ ನಿಯಮದ ಹಿಂದೆ ಒಂದು ಚರಿತ್ರೆ ಇದೆ. ನನಗಂತೂ ಅದು ಹೊಸದಾಗಿತ್ತು. ಮೊದಲ ಮಹಾಯುದ್ಧದ ಕಾಲದಲ್ಲಿ ಗಂಡಸರು ರಣರಂಗಕ್ಕೆ ಹೋದಾಗ ಮದ್ದುಗುಂಡಿನ ಕಾರ್ಖಾನೆಗಳಿಗೆ ಬಂದ ಹೆಣ್ಣುಮಕ್ಕಳು ಬಿಡುವಿನಲ್ಲಿ ಫುಟ್‌ಬಾಲ್ ಆಡತೊಡಗಿದರು. ಪ್ರೆಸ್ಟನ್ ಊರಿನ ಡಿಕ್ ಕೆರ್ ಕಾರ್ಖಾನೆಯ ತಂಡ ಗಾಯಾಳು ಸೈನಿಕರಿಗಾಗಿ ಹಣ ಕೂಡಿಸುತ್ತ ಊರೂರು ಸುತ್ತಿತು. 1920ರ ಡಿಸೆಂಬರ್ 26ರಂದು ಲಿವರ್‌ಪೂಲಿನ ಗುಡಿಸನ್ ಪಾರ್ಕ್‌ನಲ್ಲಿ ಅವರ ಆಟ ನೋಡಲು ಸೇರಿದ್ದವರು 53 ಸಾವಿರ ಮಂದಿ. ಒಳಗೆ ಜಾಗವಿಲ್ಲದೆ ಹಿಂತಿರುಗಿದವರು ಬೇರೆ. ಮರುವರ್ಷವೇ, 1921ರ ಡಿಸೆಂಬರ್ 5ರಂದು, ಈ ಆಟ ಹೆಂಗಸರಿಗೆ ತಕ್ಕುದಲ್ಲವೆಂದು ಹೇಳಿ ಅದೇ ಸಂಸ್ಥೆ ತನ್ನ ಸದಸ್ಯ ಕ್ಲಬ್ಬುಗಳ ಮೈದಾನಗಳನ್ನು ಅವರಿಗೆ ಮುಚ್ಚಿತು. ಆ ಬಾಗಿಲು ತೆರೆಯಲು ಸುಮಾರು ಐವತ್ತು ವರ್ಷ ಹಿಡಿಯಿತು. 1972ರಲ್ಲಿ ಇಂಗ್ಲೆಂಡಿನ ಮಹಿಳಾ ತಂಡ ತನ್ನ ಮೊದಲ ಅಧಿಕೃತ ಅಂತಾರಾಷ್ಟ್ರೀಯ ಪಂದ್ಯವನ್ನು ಸ್ಕಾಟ್ಲೆಂಡಿನೆದುರು ಆಡುವ ಹೊತ್ತಿಗೆ ಡಿಕ್ ಕೆರ್ ಹುಡುಗಿಯರು ಅಜ್ಜಿಯರಾಗಿದ್ದರು. ಯಾರ ರಕ್ಷಣೆಗಾಗಿ ಆ ಮೈದಾನಗಳನ್ನು ಮುಚ್ಚಿದರು? ಆಡುತ್ತಿದ್ದವರಂತೂ ಅದನ್ನು ಬೇಡಿರಲಿಲ್ಲ.

ಈ ಪ್ರಶ್ನೆಯನ್ನು ಇಷ್ಟು ಗಟ್ಟಿಯಾಗಿ ಕೇಳುವ ಅಧಿಕಾರ ನನಗಿಲ್ಲ. ಎಂಬತ್ತರ ದಶಕದ ಆದಿಯಲ್ಲಿ ನಾನೊಂದು ಹೋಬಳಿ ಊರಿನ ಪ್ರೌಢಶಾಲೆಯಲ್ಲಿದ್ದೆ. ದೈಹಿಕ ಶಿಕ್ಷಕರ ಹುದ್ದೆ ಖಾಲಿ ಬಿದ್ದು ಆಟದ ಪಿರಿಯಡ್ಡುಗಳ ಹೊಣೆ ನನ್ನ ತಲೆಗೆ ಬಂದಿತ್ತು. ಎಂಟನೆಯ ತರಗತಿಯ ಒಬ್ಬ ಹುಡುಗಿ ಲಂಗವನ್ನು ಎತ್ತಿಕಟ್ಟಿ ಹುಡುಗರ ಜೊತೆ ಚೆಂಡು ಒದೆಯುತ್ತಿದ್ದಳು. ಅವಳಿಂದ ಚೆಂಡು ಕಸಿಯಲು ಹತ್ತನೆಯವರಿಗೂ ಆಗುತ್ತಿರಲಿಲ್ಲ. ಊರಿನ ಯಾರೋ ಒಬ್ಬರು ಬಂದು ಏನೋ ಅಂದರು. ಏನೆಂದರೆಂದು ಈಗ ಬರೆಯಲೂ ಸಂಕೋಚ. ಮರುದಿನ ನಾನು, ಹೆಣ್ಣುಮಕ್ಕಳಿಗೆ ಥ್ರೋಬಾಲ್ ಮತ್ತು ಕೊಕ್ಕೋ ಮಾತ್ರ ಎಂದು ಸೂಚನಾ ಫಲಕದಲ್ಲಿ ನನ್ನ ಮುದ್ದಾದ ಅಕ್ಷರಗಳಲ್ಲೇ ಬರೆದು ಹಾಕಿದೆ. ಅವಳು ಜಗಳವಾಡಲಿಲ್ಲ. "ಯಾಕೆ ಸಾರ್?" ಎಂದು ಒಂದೇ ಸಲ ಕೇಳಿದಳು. "ಪೆಟ್ಟಾಗುತ್ತದೆ ಕಣಮ್ಮ" ಎಂದೆ. ಅವಳ ಮೊಣಕಾಲಿನಲ್ಲಿ ಅದಾಗಲೇ ನಾಲ್ಕಾರು ಗಾಯದ ಕಲೆಗಳಿದ್ದವು. ಆಕೆ ಅವನ್ನೊಮ್ಮೆ ನೋಡಿ ನನ್ನನ್ನೊಮ್ಮೆ ನೋಡಿದಳು.

ಲೂಸಿಯ ಕಥೆ ಹೇಳಿದಾಗ, ಬೆಳಗಿನ ವಾಯುವಿಹಾರದ ನನ್ನ ಹಳೆಯ ಸಹೋದ್ಯೋಗಿಯೊಬ್ಬರು, "ನೋಡಿ, ಪ್ರತಿಭೆ ಇದ್ದರೆ ಹೇಗಾದರೂ ಮೇಲೆ ಬಂದೇ ಬರುತ್ತದೆ" ಎಂದರು. ಶಿಕ್ಷಕರ ಕೊಠಡಿಯಲ್ಲಿ ನಾವೆಲ್ಲ ಸಾವಿರ ಸಲ ಆಡಿದ ಮಾತು ಇದು. ಈಗ ನನಗೆ ಇದಕ್ಕಿಂತ ಸೋಮಾರಿಯಾದ ಮಾತು ಇನ್ನೊಂದಿಲ್ಲವೆನಿಸುತ್ತದೆ. ಲೂಸಿ ಮೇಲೆ ಬಂದದ್ದು ಹೇಗೆಂದು ಸ್ವಲ್ಪ ವಿವರವಾಗಿ ನೋಡೋಣ. ಊರಿನ ತಂಡದಿಂದ ಹೊರಬಿದ್ದ ಮೇಲೆ ಬಾಲಕಿಯರ ತಂಡವನ್ನು ಹುಡುಕಿಕೊಂಡು ಬ್ಲೈತ್ ಪಟ್ಟಣಕ್ಕೆ, ಅಲ್ಲಿಂದ ಇನ್ನೂ ದೂರದ ಸಂಡರ್ಲೆಂಡಿಗೆ ಹೋಗಬೇಕಾಯಿತು. ಕರೆದೊಯ್ಯುವ ಹಿರಿಯರಿಲ್ಲದ ಮನೆಯ ಹುಡುಗಿಗೆ ಅಲ್ಲಿಗೇ ಕಥೆ ಮುಗಿದಿರುತ್ತಿತ್ತು. ಇಂಗ್ಲೆಂಡಿನಲ್ಲಿ ಹೆಣ್ಣುಮಕ್ಕಳ ಫುಟ್‌ಬಾಲಿನಿಂದ ಹೊಟ್ಟೆ ಹೊರೆಯುವ ದಾರಿಯೇ ಆಗ ಇರಲಿಲ್ಲ. ಹಾಗಾಗಿ 2009ರಲ್ಲಿ ಆಕೆ ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯಕ್ಕೆ ಹೋದಳು. ಆ ವರ್ಷ ಅಲ್ಲಿನ ತಂಡ ರಾಷ್ಟ್ರೀಯ ಕಾಲೇಜು ಪ್ರಶಸ್ತಿಯನ್ನು ಗೆದ್ದಿತು. ಮರಳಿ ಬಂದು ಲೀಡ್ಸ್‌ನಲ್ಲಿ ಓದುತ್ತ, ಪಿಜ್ಜಾ ಅಂಗಡಿಯಲ್ಲಿ ದುಡಿಯುತ್ತ, ಎವರ್ಟನ್ ತಂಡಕ್ಕೆ ಆಡುತ್ತಿದ್ದಳು. ನಡುನಡುವೆ ಮೊಣಕಾಲಿಗೆ ಹಲವು ಶಸ್ತ್ರಚಿಕಿತ್ಸೆಗಳಾದವು. ಈ ಸರಪಣಿಯ ಒಂದು ಕೊಂಡಿ ಕಳಚಿದ್ದರೂ ನನ್ನ ಮೊಮ್ಮಗಳು ಆ ರಾತ್ರಿ ಅವಳ ಹೆಸರನ್ನು ಹೇಳುತ್ತಿರಲಿಲ್ಲ. ಅವಳ ಸಮವಯಸ್ಕರಲ್ಲಿ ಹೀಗೆ ಕಳಚಿಹೋದವರು ಎಷ್ಟು ಮಂದಿಯೋ, ಅವರ ಲೆಕ್ಕವನ್ನು ಯಾರೂ ಇಟ್ಟಿಲ್ಲ. ಮೇಲೆ ಬಂದವರನ್ನಷ್ಟೇ ಎಣಿಸಿ, ಪ್ರತಿಭೆ ತಾನಾಗಿ ಮೇಲೆ ಬರುತ್ತದೆ ಎನ್ನುವುದು ಪಾಸಾದವರನ್ನಷ್ಟೇ ಎಣಿಸಿ ಶಾಲೆಯ ಫಲಿತಾಂಶ ನೂರಕ್ಕೆ ನೂರು ಎಂದಂತೆ!

ಮುಂದಿನದು ಎಲ್ಲರೂ ಹಾಡಿ ಹೊಗಳಿದ ಭಾಗ, ಬೇಗ ಹೇಳಿಬಿಡುತ್ತೇನೆ. ಲಿವರ್‌ಪೂಲ್ ತಂಡದೊಡನೆ 2013 ಮತ್ತು 2014ರ ಲೀಗ್ ಪ್ರಶಸ್ತಿ, ಮ್ಯಾಂಚೆಸ್ಟರ್ ಸಿಟಿಯೊಡನೆ 2016ರದು. ಫ್ರಾನ್ಸಿನ ಲಿಯೋನ್ ತಂಡದೊಡನೆ 2018, 2019, 2020ರಲ್ಲಿ ಸಾಲಾಗಿ ಮೂರು ಚಾಂಪಿಯನ್ಸ್ ಲೀಗ್, ಬಾರ್ಸಿಲೋನಾದೊಡನೆ 2023 ಮತ್ತು 2024ರಲ್ಲಿ ಇನ್ನೆರಡು. 2024ರಲ್ಲಿ ಚೆಲ್ಸಿಗೆ ಬಂದ ಮೊದಲ ವರ್ಷವೇ ಒಂದೂ ಪಂದ್ಯ ಸೋಲದೆ ಲೀಗ್ ಗೆಲುವು. 2015ರ ವಿಶ್ವಕಪ್ಪಿನಲ್ಲಿ ನಾರ್ವೆ ಮತ್ತು ಕೆನಡಾ ವಿರುದ್ಧ ಗೋಲು ಹೊಡೆದು ದೇಶಕ್ಕೆ ಮೂರನೆಯ ಸ್ಥಾನ ತಂದವರಲ್ಲಿ ಒಬ್ಬಳಾದಳು. ಕೊರಳಿಗೆ ಬಿದ್ದದ್ದು ಕಂಚಿನ ಪದಕವೇ. 2020ರಲ್ಲಿ ಜಗತ್ತಿನ ಶ್ರೇಷ್ಠ ಆಟಗಾರ್ತಿಯೆಂದು ಫಿಫಾ ಪ್ರಶಸ್ತಿ ಬಂತು. ಅದಕ್ಕೆ ಮೊದಲು ಆ ಗೌರವ ಯಾವ ರಕ್ಷಣಾ ಆಟಗಾರ್ತಿಗೂ ಸಂದಿರಲಿಲ್ಲ.

ನಾನು ನಿಲ್ಲಬೇಕೆಂದಿರುವುದು ಈ ಕೊನೆಯ ಮಾತಿನ ಬಳಿ. ಯಕ್ಷಗಾನ ನೋಡಿ ಬಂದವರು ವೇಷಧಾರಿಯ ಕುಣಿತವನ್ನು ನೆನೆಯುತ್ತಾರೆ. ಇಡೀ ರಾತ್ರಿ ಅವನನ್ನು ಕುಣಿಸಿದ ಮದ್ದಳೆಗಾರನ ಹೆಸರು ಎಷ್ಟು ಜನಕ್ಕೆ ಗೊತ್ತು? ಫುಟ್‌ಬಾಲಿನಲ್ಲಿ ರಕ್ಷಣೆಯವರದು ಇದೇ ಹಿಮ್ಮೇಳದ ಪಾಡು. ಗೋಲು ಹೊಡೆದವನ ಲೆಕ್ಕ ಪತ್ರಿಕೆಯಲ್ಲಿ ಬರುತ್ತದೆ. ಆಗದೆ ಹೋದ ಗೋಲುಗಳಿಗೆ ಲೆಕ್ಕವೇ ಇಲ್ಲ. ಬಲಬದಿಯವಳು ಎದುರಾಳಿಯ ಎಡಬದಿಯ ಓಟಗಾರ್ತಿಯನ್ನು ತೊಂಬತ್ತು ನಿಮಿಷ ಕಾಯಬೇಕು, ಅವಕಾಶ ಸಿಕ್ಕೊಡನೆ ಗೆರೆಯುದ್ದಕ್ಕೂ ಓಡಿ ದಾಳಿಗೆ ನೆರವಾಗಬೇಕು, ಚೆಂಡು ಕಳೆದುಹೋದರೆ ಅದೇ ದೂರವನ್ನು ಹಿಂದಕ್ಕೆ ಓಡಬೇಕು. ಮುಂದೆ ಹೋದ ಹೊತ್ತಿನಲ್ಲಿ ಹಿಂದೆ ತೆರವಾದ ಜಾಗದಿಂದ ಗೋಲಾದರೆ ದೂರು ಅವಳ ಮೇಲೆ. 2023ರ ಆಗಸ್ಟ್ 20ರಂದು ಸಿಡ್ನಿಯಲ್ಲಿ ಹಾಗೇ ಆಯಿತು. ಸ್ಪೇನ್ ವಿರುದ್ಧದ ವಿಶ್ವಕಪ್ ಫೈನಲ್ಲಿನ 29ನೆಯ ನಿಮಿಷದಲ್ಲಿ ಲೂಸಿ ಚೆಂಡನ್ನು ಮೈದಾನದ ನಡುಭಾಗಕ್ಕೆ ಒಯ್ದು ಕಳೆದುಕೊಂಡಳು; ಅವಳು ಬಿಟ್ಟುಬಂದ ಬದಿಯಿಂದಲೇ ಸ್ಪೇನಿನ ಕಾರ್ಮೋನಾ ನುಗ್ಗಿ ಗೋಲು ಹೊಡೆದಳು. ಅದೊಂದೇ ಗೋಲಿನಿಂದ ಕಪ್ಪು ಕೈತಪ್ಪಿತು. ಇಪ್ಪತ್ತು ವರ್ಷ ತಡೆದದ್ದು ಒಂದು ತಕ್ಕಡಿಯಲ್ಲಿ, ಒಮ್ಮೆ ತಡೆಯದೆ ಹೋದದ್ದು ಇನ್ನೊಂದರಲ್ಲಿ. ಜನರ ಕಣ್ಣಿಗೆ ಎರಡನೆಯದೇ ಭಾರ. ಕನ್ನಡ ಶಾಲೆಯ ಮೇಷ್ಟ್ರುಗಳಿಗೆ ಈ ತಕ್ಕಡಿಯ ಪರಿಚಯವನ್ನು ಬೇರೆ ಮಾಡಿಕೊಡಬೇಕಾಗಿಲ್ಲ.

ಆಕೆಯ ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಲಕಿತು. ತನಗೆ ಆಟಿಸಂ ಮತ್ತು ಎ.ಡಿ.ಎಚ್.ಡಿ. ಇರುವುದು 2021ರಲ್ಲಿ ವೈದ್ಯರಿಂದ ಖಚಿತವಾಯಿತೆಂದು 2025ರ ಮಾರ್ಚ್‌ನಲ್ಲಿ ಆಕೆ ಬಹಿರಂಗವಾಗಿ ಹೇಳಿದಳು. ಅಂದರೆ ಮೂವತ್ತರ ಆಸುಪಾಸಿನವರೆಗೂ ತಾನು ಇತರರಂತಿಲ್ಲವೇಕೆಂದು ಆಕೆಗೇ ಸ್ಪಷ್ಟವಾಗಿ ತಿಳಿದಿರಲಿಲ್ಲ. ಜನರ ಕಣ್ಣಿಗೆ ಕಣ್ಣಿಟ್ಟು ಮಾತಾಡುವುದು, ಅಪ್ಪಿಕೊಂಡು ಸ್ವಾಗತಿಸುವುದು ಎಲ್ಲವನ್ನೂ ಉಳಿದವರನ್ನು ನೋಡಿ ಕಲಿಯಬೇಕಾಯಿತಂತೆ. ನನ್ನ ತರಗತಿಗಳಲ್ಲಿ, ಮುಖ ನೋಡಿ ಉತ್ತರಿಸದೆ ನೆಲ ನೋಡುತ್ತ ನಿಲ್ಲುತ್ತಿದ್ದ ಮಕ್ಕಳು ಎಷ್ಟು ಮಂದಿ ಇದ್ದರು! "ಅಹಂಕಾರ" ಎಂದು ಕೆಲವರಿಗೆ, "ದಡ್ಡ" ಎಂದು ಕೆಲವರಿಗೆ ಹೆಸರಿಟ್ಟು ಮುಂದಿನ ಪಾಠಕ್ಕೆ ಹೋಗುತ್ತಿದ್ದೆವು.

ಜುಲೈ 27ರಂದು ಬಾಸೆಲ್‌ನಲ್ಲಿ ಫೈನಲ್ ನಡೆಯಿತು. ಮತ್ತೆ ಸ್ಪೇನ್, ಮತ್ತೆ ಸಮ, ಮತ್ತೆ ಪೆನಾಲ್ಟಿ. ಈ ಸಲ ಇಂಗ್ಲೆಂಡ್ ಗೆದ್ದಿತು. ಗೆದ್ದ ಮೇಲೆ ಲೂಸಿ ಹೇಳಿದ ಸುದ್ದಿ ಕೇಳಿ ಮೊಮ್ಮಗಳು ಕುಣಿದಾಡಿದಳು: ಮೊಣಕಾಲ ಕೆಳಗಿನ ಎಲುಬು ಮುರಿದಿದ್ದ ಕಾಲಿನಲ್ಲೇ ಆಕೆ ಇಡೀ ಪಂದ್ಯಾವಳಿಯನ್ನು ಆಡಿದ್ದಳಂತೆ. ಪತ್ರಿಕೆಗಳೆಲ್ಲ ವೀರನಾರಿ ಎಂದು ಬರೆದವು. ನನಗೆ ಇದು ಅಷ್ಟಾಗಿ ಹಿಡಿಸಲಿಲ್ಲವೆಂದರೆ ಮೊಮ್ಮಗಳು ಸಿಟ್ಟಾಗುತ್ತಾಳೆ. ನೋವನ್ನು ನುಂಗಿ ದುಡಿದವರನ್ನು, ಅದರಲ್ಲೂ ಹೆಂಗಸರನ್ನು, ಹೊಗಳುವುದು ನಮಗೆ ಬಹಳ ಸುಲಭ. ನನ್ನ ತಾಯಿಯನ್ನೂ ಊರವರು ಹಾಗೆಯೇ ಹೊಗಳಿದರು, ಯಾರೂ ಆಸ್ಪತ್ರೆಗೆ ಕರೆದೊಯ್ಯಲಿಲ್ಲ. ಆದರೆ, "ಅಜ್ಜ, ಅವಳೇ ಆಡ್ತೀನಿ ಅಂತ ತೀರ್ಮಾನ ಮಾಡಿದ್ದು. ನೀವು ಯಾರು ಬೇಡ ಅನ್ನೋಕೆ?" ಎಂದಳು ಮೊಮ್ಮಗಳು. ಹನ್ನೆರಡರ ಹುಡುಗಿಯನ್ನು ಪೆಟ್ಟಾಗುತ್ತದೆಂದು ಹೊರಗಿಟ್ಟವರ ಬಗ್ಗೆ ಇಷ್ಟು ಹೊತ್ತು ಬರೆದವನಿಗೆ ಅದಕ್ಕೆ ಉತ್ತರ ಸಿಕ್ಕಲಿಲ್ಲ.

ಇಂಗ್ಲೆಂಡಿನವರು ಆ ವಯಸ್ಸಿನ ಮಿತಿಯನ್ನು ಅನಂತರ ಹಂತಹಂತವಾಗಿ ಏರಿಸಿ ಹದಿನೆಂಟರವರೆಗೆ ತಂದರು. ನನ್ನ ಸೂಚನಾ ಫಲಕದ ನಿಯಮ ಏನಾಯಿತೆಂದರೆ, ಎರಡು ವರ್ಷದ ನಂತರ ನನಗೆ ವರ್ಗವಾಯಿತು; ಹೊರಡುವ ದಿನ ನೋಡಿದಾಗಲೂ ಆ ಹಾಳೆ ಅಲ್ಲೇ ಇತ್ತು, ಮಸಿ ಸ್ವಲ್ಪ ಮಾಸಿತ್ತು. ಆ ಹುಡುಗಿ ಹತ್ತನೆಯದಕ್ಕೆ ಬರಲಿಲ್ಲ. ಒಂಬತ್ತರಲ್ಲೇ ಶಾಲೆ ಬಿಡಿಸಿ ಮದುವೆ ಮಾಡಿದರೆಂದು ಕೇಳಿದ್ದೆ. ಈಗ ಅವಳಿಗೂ ಮೊಮ್ಮಕ್ಕಳಿರಬಹುದು.