ಜೇಡ್ ಗಿಡದ ಆರೈಕೆ

ವಾಚಕ ಸೋದರಿಯೊಬ್ಬರಿಂದ ಈ ತಿಂಗಳು ಒಂದು ಕಾಗದವು ಬಂದಿದೆ. ಪರದೇಶಕ್ಕೆ ತೆರಳಿದ ಮಗಳು ಬಿಟ್ಟುಹೋದ ಜೇಡ್ ಗಿಡವೊಂದು ಅವರ ನಡುಮನೆಯಲ್ಲಿದೆಯಂತೆ. ಅಗಲವಾದ ತಟ್ಟೆಕುಂಡದಲ್ಲಿ ಗೇಣುದ್ದದ ವಾಮನವೃಕ್ಷವಾಗಿ ನಿಂತಿದ್ದ ಅದು ಮಳೆಗಾಲ ಹಿಡಿದಂದಿನಿಂದ ಎಲೆ ಉದುರಿಸುತ್ತಿದೆ. ದಿನವೂ ತಪ್ಪದೆ ನೀರೆರೆಯುತ್ತಿದ್ದರೂ ಹೀಗೇಕೆ, ಮಗಳು ಬರುವವರೆಗೆ ಗಿಡವು ಉಳಿದೀತೆ ಎಂಬುದು ಅವರ ಪ್ರಶ್ನೆ.

ತಾಯಿ, ವ್ಯಾಧಿಯ ಕಾರಣವು ಪ್ರಶ್ನೆಯೊಳಗೇ ಇದೆ. ಈ ಸಸ್ಯವು ದಕ್ಷಿಣ ಆಫ್ರಿಕದ ಒಣ ಗುಡ್ಡಗಳಲ್ಲಿ ಹುಟ್ಟಿದ್ದು. ದಪ್ಪನೆಯ ಎಲೆಗಳೇ ಅದಕ್ಕೆ ಜಲಾಶಯಗಳು. ಹಗಲಿನಲ್ಲಿ ನೀರು ಆವಿಯಾಗದಂತೆ ಎಲೆಯ ಸೂಕ್ಷ್ಮರಂಧ್ರಗಳನ್ನು ಮುಚ್ಚಿಕೊಂಡು, ರಾತ್ರಿ ತೆರೆದು, ಇಂಗಾಲದ ಡೈಆಕ್ಸೈಡನ್ನು ಹೀರಿ ಆಮ್ಲರೂಪದಲ್ಲಿ ಕೂಡಿಟ್ಟು, ಮರುದಿನದ ಬೆಳಕಿನಲ್ಲಿ ಆಹಾರವಾಗಿ ಮಾರ್ಪಡಿಸುತ್ತದೆ. ಇಂತಹ ಮಿತವ್ಯಯಿಗೆ ನಿತ್ಯವೂ ನೀರುಣಿಸುವುದು ಅಜೀರ್ಣವಾದವನ ಎಲೆಗೆ ಮತ್ತೆ ಮತ್ತೆ ಬಡಿಸಿದಂತೆ. ಗಾಳಿಯಾಡದೆ ಬೇರು ಕೊಳೆಯುತ್ತದೆ.

ಕೂಡಲೇ ಗಿಡವನ್ನು ಕುಂಡದಿಂದ ತೆಗೆದು ಬೇರನ್ನು ಪರೀಕ್ಷಿಸತಕ್ಕದ್ದು. ಕಪ್ಪಾಗಿ ಮೆತ್ತಗಾದ ಬೇರುಗಳನ್ನು ಶುಭ್ರವಾದ ಕತ್ತರಿಯಿಂದ ತೆಗೆದು, ನಾಲ್ಕಾರು ದಿನ ನೆರಳಿನಲ್ಲಿ ಆರಗೊಟ್ಟು, ದಪ್ಪ ಮರಳು, ಇಟ್ಟಿಗೆಯ ಚೂರು, ಸ್ವಲ್ಪ ಗೊಬ್ಬರದ ಮಣ್ಣು ಕೂಡಿಸಿ ನೆಡಿರಿ. ಕುಂಡದ ತಳದಲ್ಲಿ ರಂಧ್ರವಿರಬೇಕು. ಒಂದು ವಾರದವರೆಗೆ ನೀರು ಕೂಡದು. ಬುಡವೇ ಮೆತ್ತಗಾಗಿದ್ದರೆ ಅದರ ಆಶೆಯನ್ನು ಬಿಟ್ಟು, ಗಟ್ಟಿಯಾದ ಕೊಂಬೆಯೊಂದನ್ನು ಕತ್ತರಿಸಿ, ಗಾಯ ಒಣಗಿದ ಮೇಲೆ ಮರಳಿನಲ್ಲಿ ಊರಿರಿ. ಬೇರು ಬಿಟ್ಟರೆ ಅದೂ ಮಗಳು ಬಿಟ್ಟುಹೋದ ಗಿಡವೇ ಸರಿ, ಸಂಕೋಚಪಡಬೇಕಾದುದಿಲ್ಲ.

ಮುಂದೆ ಬೆರಳಿನಿಂದ ಒಂದು ಅಂಗುಲ ಮಣ್ಣನ್ನು ಕೆದಕಿ ನೋಡಿ, ಒಣಗಿದ್ದರೆ ಮಾತ್ರ ತಳದಿಂದ ಹರಿಯುವಷ್ಟು ನೀರೆರೆಯಿರಿ. ನಡುಮನೆಯ ಮೂಲೆಯೂ ಯೋಗ್ಯವಲ್ಲ. ಬೆಳಗಿನ ಬಿಸಿಲು ಬೀಳುವ ಕಿಟಕಿಯೇ ಉತ್ತಮ.

ಆಕಾರದ ಮಾತು. ಬೋನ್ಸಾಯ್ ಎಂಬ ಜಪಾನೀ ಶಬ್ದಕ್ಕೆ ತಟ್ಟೆಯಲ್ಲಿ ನೆಟ್ಟದ್ದು ಎಂದರ್ಥ; ವಿದ್ಯೆಯು ಚೀನಾದಿಂದ ಅಲ್ಲಿಗೆ ಹೋದದ್ದು. ಕೊಂಬೆಗಳಿಗೆ ತಂತಿ ಸುತ್ತಿ ಬಗ್ಗಿಸುವ ಕ್ರಮವು ಅದರಲ್ಲಿ ಪ್ರಸಿದ್ಧ. ಆದರೆ ಜೇಡ್ ಗಿಡದ ರಸಭರಿತ ಕೊಂಬೆ ಬಲು ಪೆಡಸು, ಥಟ್ಟನೆ ಮುರಿಯುತ್ತದೆ. ಎಲೆಜೋಡಿಯ ಮೇಲೆ ಕುಡಿ ಚಿವುಟಿದರೆ ಸಾಮಾನ್ಯವಾಗಿ ಅಲ್ಲಿಂದ ಎರಡು ಕವಲುಗಳು ಹೊರಡುತ್ತವೆ. ಚಿವುಟುವುದು, ಕಾಯುವುದು: ನನ್ನ ಮತದಲ್ಲಿ ಇದಕ್ಕೆ ಇಷ್ಟೇ ಸಾಕು. ಗಿಡವು ಚೇತರಿಸಿ ಹೊಸ ಎಲೆ ತೋರುವ ತನಕ ಅದೂ ಬೇಡ.

ನಮ್ಮ ನರ್ಸರಿಗಳಲ್ಲಿ ಜೇಡ್ ಎಂಬ ಒಂದೇ ಹೆಸರಿನಿಂದ ಎರಡು ಗಿಡಗಳು ಮಾರಲ್ಪಡುತ್ತವೆ. ದೊಡ್ಡ ಅಂಡಾಕಾರದ ಎಲೆಯದು ಕ್ರಾಸುಲಾ ಓವಾಟಾ. ಕಿರುಬೆರಳ ಉಗುರಿನಂತಹ ಎಲೆ, ಕೆಂಪು ಕಾಂಡದ್ದು ಪೋರ್ಚುಲಕೇರಿಯಾ ಆಫ್ರಾ, ತವರಿನಲ್ಲಿ ಆನೆಗಳ ಮೇವು. ಆರೈಕೆ ಬಹುಮಟ್ಟಿಗೆ ಒಂದೇ. ಆದರೆ ಮೊದಲನೆಯದು ಬೆಕ್ಕು ನಾಯಿಗಳಿಗೆ ವಿಷಕರ. ನಿಮ್ಮಲ್ಲಿ ಬೆಕ್ಕಿದ್ದರೆ ಕುಂಡವನ್ನು ಅದಕ್ಕೆ ಎಟುಕದ ಕಡೆ ಇಡಿರಿ.