ನಾಯಿ ನಿದ್ದೆ ಮತ್ತು ನಮ್ಮ ಓದು

ಧಾರವಾಡದ ಸಪ್ತಾಪುರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರು ಹೊಸಬರಿಗೆ ಕೇಳುವ ಮೊದಲ ಪ್ರಶ್ನೆ ‘ದಿನಕ್ಕೆ ಎಷ್ಟು ತಾಸು ಓದ್ತೀರಿ?’ ಎರಡನೆಯದು ‘ಎಷ್ಟು ತಾಸು ಮಲಗ್ತೀರಿ?’ ಮೊದಲ ಉತ್ತರ ದೊಡ್ಡದಾದಷ್ಟೂ ಎರಡನೆಯದು ಸಣ್ಣದಾದಷ್ಟೂ ಮರ್ಯಾದೆ ಹೆಚ್ಚು. ಏಳು ತಾಸು ಮಲಗುತ್ತೇನೆ ಎಂದು ನಾನು ಹೇಳಿದಾಗ ನಮ್ಮ ಪಿ.ಜಿ.ಯ ಹಿರಿಯ ಅಕ್ಕ ಒಬ್ಬರು, ‘ಮಲಗಾಕ ಧಾರವಾಡಕ್ಕ ಯಾಕ ಬಂದಿ ತಂಗಿ, ಊರಾಗ ಇರಬಹುದಿತ್ತಲ್ಲ’ ಎಂದು ನಕ್ಕಿದ್ದರು.

ಈ ಜಂಬಕ್ಕೆ ಸುಭಾಷಿತದ ಬೆಂಬಲವೂ ಇದೆ. ವಿದ್ಯಾರ್ಥಿಗೆ ನಾಯಿಯಂಥ ನಿದ್ದೆ ಇರಬೇಕು ಎನ್ನುವ ಸಂಸ್ಕೃತ ಶ್ಲೋಕವನ್ನು ನಾವೆಲ್ಲ ಶಾಲೆಯಲ್ಲೇ ಕೇಳಿದ್ದೇವೆ. ಆದರೆ ನಾಯಿಯನ್ನು ನಿಜವಾಗಿ ನೋಡಿದವರಿಗೆ ಗೊತ್ತು, ಸಣ್ಣ ಸದ್ದಿಗೂ ಅದು ಕಿವಿ ನಿಮಿರಿಸುತ್ತದೆ, ಆದರೆ ದಿನದ ಹೆಚ್ಚುಕಡಿಮೆ ಅರ್ಧ ಹೊತ್ತು ಮಲಗಿಯೇ ಇರುತ್ತದೆ! ಹಂಗೇರಿಯ ಸಂಶೋಧಕರು 2017ರಲ್ಲಿ ಪ್ರಕಟಿಸಿದ ಅಧ್ಯಯನಗಳು ಇನ್ನೂ ಸೊಗಸಾಗಿವೆ. ‘ಕೂತುಕೋ’, ‘ಮಲಗು’ ಎಂಬುದನ್ನು ಹಂಗೇರಿಯನ್ ಭಾಷೆಯಲ್ಲಿ ಬಲ್ಲ ಸಾಕುನಾಯಿಗಳಿಗೆ ಅದನ್ನೇ ಇಂಗ್ಲಿಷಿನಲ್ಲಿ ಕಲಿಸಿ, ತಲೆಗೆ ಎಲೆಕ್ಟ್ರೋಡ್ ಅಂಟಿಸಿ ಮಲಗಿಸಿದರು. (ಇಂಗ್ಲಿಷ್ ಕಲಿಯುವ ಕಷ್ಟ ನಾಯಿಗೂ ತಪ್ಪಿಲ್ಲ.) ನಿದ್ದೆಯಲ್ಲಿ ‘ಸ್ಪಿಂಡಲ್’ ಎಂಬ ಮಿದುಳಿನ ಅಲೆಗಳು ಹೆಚ್ಚಾಗಿ ಕಂಡ ನಾಯಿಗಳೇ ಹೊಸ ಪದಗಳಲ್ಲಿ ಹೆಚ್ಚು ಪ್ರಗತಿ ತೋರಿದವು.

ನಿದ್ದೆಗೂ ನೆನಪಿಗೂ ನಂಟಿದೆ ಎಂಬುದು ಇವತ್ತಿನ ಮಾತಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಜೆಂಕಿನ್ಸ್ ಮತ್ತು ಡಾಲೆನ್‌ಬಾಕ್ ಇಬ್ಬರು ವಿದ್ಯಾರ್ಥಿಗಳಿಗೆ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ಬಾಯಿಪಾಠ ಮಾಡಿಸಿ, ಕೆಲವು ಸಲ ಮಲಗಲು ಬಿಟ್ಟು, ಕೆಲವು ಸಲ ಎಚ್ಚರವಿರಿಸಿ ಪರೀಕ್ಷಿಸಿದ್ದರು. ಮಲಗಿ ಎದ್ದಾಗ ಮರೆವು ಕಡಿಮೆಯಿತ್ತು. ಅವರ ಪ್ರಬಂಧ ಪ್ರಕಟವಾಗಿದ್ದು 1924ರಲ್ಲಿ. ಮಲಗಿದಾಗ ಹೊಸ ಗದ್ದಲ ತಲೆಯೊಳಗೆ ಬರುವುದಿಲ್ಲ, ಅದಕ್ಕೇ ಹಳೆಯದು ಉಳಿಯುತ್ತದೆ ಎಂದು ಆಗ ಭಾವಿಸಿದ್ದರು. ಮಿದುಳು ಆ ಹೊತ್ತಿನಲ್ಲಿ ಕೆಲಸವನ್ನೇ ಮಾಡುತ್ತಿರುತ್ತದೆ ಎಂಬುದು ತಿಳಿದದ್ದು ಬಹಳ ತಡವಾಗಿ. 1994ರಲ್ಲಿ ವಿಲ್ಸನ್ ಮತ್ತು ಮೆಕ್‌ನಾಟನ್ ಇಲಿಗಳ ಮಿದುಳಿನಲ್ಲಿ ಕಂಡದ್ದು ಇದನ್ನೇ: ಎಚ್ಚರವಿದ್ದು ಓಡಾಡುವಾಗ ಜತೆಯಾಗಿ ಮಿಡಿದ ನರಕೋಶಗಳು, ಆಮೇಲೆ ಮಲಗಿದಾಗಲೂ ಜತೆಯಾಗಿ ಮಿಡಿಯುತ್ತಿದ್ದವು. ನಾವು ರಿವಿಜನ್ ಎನ್ನುತ್ತೇವಲ್ಲ, ಅದು.

ಈ ರಿವಿಜನ್ನಿಗೆ ಒಂದು ತಾಳವಿದೆ. ಗಾಢ ನಿದ್ದೆಯಲ್ಲಿ ಮಿದುಳಿನ ಹೊರಪದರದ ಅಸಂಖ್ಯ ನರಕೋಶಗಳು ಒಟ್ಟಿಗೆ ಸುಮ್ಮನಾಗಿ ಒಟ್ಟಿಗೆ ಚುರುಕಾಗುತ್ತವೆ, ಸೆಕೆಂಡಿಗೆ ಒಂದಕ್ಕಿಂತ ತುಸು ಕಡಿಮೆ ಸಲ. ಇದು ನಿಧಾನದ ಆಂದೋಲನ. ಇದರ ಏರಿನ ಮೇಲೆ ಸೆಕೆಂಡಿಗೆ 12ರಿಂದ 15 ಸಲ ಮಿಡಿಯುವ ಸ್ಪಿಂಡಲ್ ಬಂದು ಕೂರುತ್ತದೆ. ಅದರೊಳಗೆ, ಹೊಸ ನೆನಪು ಮೊದಲು ತಂಗುವ ಹಿಪ್ಪೊಕ್ಯಾಂಪಸ್ ಭಾಗದಿಂದ ಇನ್ನೂ ವೇಗದ ಕಂಪನ ಬರುತ್ತದೆ. ಮೂರೂ ತಾಳ ಕೂಡಿದಾಗ ನೆನಪು ಅಲ್ಲಿಂದ ಹೊರಪದರದ ಕಾಯಂ ಜಾಗಕ್ಕೆ ವರ್ಗವಾಗುತ್ತದೆ ಎಂಬುದು ಇಂದು ಹೆಚ್ಚಿನವರು ಒಪ್ಪುವ ವಿವರಣೆ.

ಪಂಚಮಿ ಹಬ್ಬದ ಜೋಕಾಲಿ ತೂಗಿದವರಿಗೆ ಇದು ಸುಲಭವಾಗಿ ಅರ್ಥವಾದೀತು. ಸರಿಯಾದ ಗಳಿಗೆಯಲ್ಲಿ ಬೆರಳಿನಿಂದ ನೂಕಿದರೂ ಜೋಕಾಲಿ ಏರುತ್ತದೆ, ಹೊತ್ತು ತಪ್ಪಿ ನೂಕಿದರೆ ತಡೆಯುತ್ತದೆ. ಜರ್ಮನಿಯ ಸಂಶೋಧಕರು 2013ರಲ್ಲಿ ಮಲಗಿದ್ದ 11 ಮಂದಿಗೆ ಮೆಲ್ಲಗಿನ ಸದ್ದನ್ನು, ನಿಧಾನದ ಅಲೆ ಏರುವ ಗಳಿಗೆಗೆ ಸರಿಯಾಗಿ ಕೇಳಿಸಿದರು. ಅಲೆ ಬಲವಾಯಿತು, ಹಿಂದಿನ ರಾತ್ರಿ ಕಲಿತ ಪದಜೋಡಿಗಳು ಬೆಳಿಗ್ಗೆ ಹೆಚ್ಚು ನೆನಪಿದ್ದವು. ತಾಳ ತಪ್ಪಿದ ಸದ್ದಿನಿಂದ ಆ ಲಾಭ ಸಿಗಲಿಲ್ಲ. 11 ಮಂದಿ ದೊಡ್ಡ ಸಂಖ್ಯೆಯಲ್ಲ, ಮುಂದಿನ ಪ್ರಯೋಗಗಳೆಲ್ಲ ಒಂದೇ ಉತ್ತರ ಕೊಟ್ಟಿಲ್ಲ. ಹಾಗಾಗಿ ನೆನಪು ಹೆಚ್ಚಿಸುವ ಹೆಡ್‌ಬ್ಯಾಂಡ್ ಎಂದು ಯಾರಾದರೂ ಮಾರಲು ಬಂದರೆ ದುಡ್ಡು ಜೇಬಿನಲ್ಲೇ ಇರಲಿ. ಮಲಗಲು ದುಡ್ಡು ಬೇಕಿಲ್ಲ.

ಇನ್ನೊಂದು ವಿಷಯ. ಗಾಢ ನಿದ್ದೆ ಹೆಚ್ಚಾಗಿ ಬರುವುದು ರಾತ್ರಿಯ ಮೊದಲ ಭಾಗದಲ್ಲಿ, ಸ್ಪಿಂಡಲ್ ತುಂಬಿದ ಹಗುರ ನಿದ್ದೆ ಮತ್ತು ಕನಸಿನ ನಿದ್ದೆ ಹೆಚ್ಚುವುದು ಬೆಳಗಿನ ಜಾವದ ಕಡೆಗೆ. ನಾಲ್ಕು ತಾಸಿಗೆ ಅಲಾರಂ ಇಡುವವರು ಎರಡನೆಯ ಭಾಗವನ್ನೇ ಕತ್ತರಿಸುತ್ತಾರೆ. ಚಹಾ, ಕಾಫಿ ಅದನ್ನು ತುಂಬಿಕೊಡುವುದಿಲ್ಲ. ಕೆಫೀನ್ ಮಾಡುವುದು ಇಷ್ಟೇ: ನಿದ್ದೆಯ ಒತ್ತಡವನ್ನು ಮಿದುಳಿಗೆ ತಿಳಿಸುವ ಅಡೆನೊಸಿನ್ ಎಂಬ ರಾಸಾಯನಿಕದ ಬಾಗಿಲಿಗೆ ಅಡ್ಡ ನಿಲ್ಲುತ್ತದೆ. ಸುಸ್ತು ಇರುತ್ತದೆ, ಗೊತ್ತಾಗುವುದಿಲ್ಲ.

ಇಷ್ಟೆಲ್ಲ ಗೊತ್ತಿದ್ದೂ ಎಲ್ಲರಿಗೂ ಏಳು ತಾಸು ಮಲಗಿ ಎಂದು ಉಪದೇಶಿಸಲು ನನಗೆ ಬಾಯಿ ಬರುವುದಿಲ್ಲ. ನಮ್ಮ ಪಿ.ಜಿ.ಯಲ್ಲಿ ಒಬ್ಬಾಕೆ ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡಿ ಬಂದು, ಸರ್ಕಾರಿ ನರ್ಸ್ ಹುದ್ದೆಗೆ ಹಗಲು ಓದುತ್ತಾಳೆ. ಅವಳ ಸಂಬಳದಲ್ಲೇ ಊರಿನ ಮನೆ ನಡೆಯಬೇಕು. ಅವಳಿಗೆ ನಿದ್ದೆ ಬೇಡವೆಂದಲ್ಲ, ಸಿಗುವುದಿಲ್ಲ. ಸಿಗುವ ಅವಕಾಶವಿದ್ದೂ ಮಲಗದೆ ಹೆಮ್ಮೆಪಡುವವರ ಬಗ್ಗೆ ಮಾತ್ರ ನನ್ನ ತಕರಾರು. ತಕರಾರು ಇನ್ನೊಂದು ಕಡೆಗೂ ಇದೆ, ಅದು ಪರೀಕ್ಷೆ ನಡೆಸುವವರ ಮೇಲೆ.

ಕಳೆದ ವರ್ಷ ಒಂದು ನೇಮಕಾತಿ ಪರೀಕ್ಷೆಗೆ ನನಗೆ ಸಿಕ್ಕ ಕೇಂದ್ರ ಬೆಂಗಳೂರಿನಲ್ಲಿತ್ತು, ಧಾರವಾಡದಿಂದ 400ಕ್ಕೂ ಹೆಚ್ಚು ಕಿ.ಮೀ. ಲಾಡ್ಜಿಗೆ ದುಡ್ಡು ಹೊಂದಿಸಲಾಗದ ನನ್ನಂಥವರು ಬಸ್ಸಿನಲ್ಲೇ ರಾತ್ರಿ ಕಳೆದು, ಬಸ್ ನಿಲ್ದಾಣದ ಶೌಚಾಲಯದಲ್ಲಿ ಮುಖ ತೊಳೆದು ಹಾಲ್‌ಗೆ ಹೋದೆವು. ಬೆಂಗಳೂರಿನಲ್ಲೇ ಇದ್ದವರು ಮನೆಯಲ್ಲಿ ಮಲಗಿ ಎದ್ದು ಬಂದಿದ್ದರು. ಪ್ರಶ್ನೆಪತ್ರಿಕೆ ಎಲ್ಲರಿಗೂ ಒಂದೇ, ಕಟ್ ಆಫ್ ಕೂಡ ಒಂದೇ. ಎಲ್ಲರೂ ಒಂದೇ ಸ್ಥಿತಿಯ ಮಿದುಳನ್ನು ಹೊತ್ತು ತಂದಿರಲಿಲ್ಲ. ನಕಲು ತಡೆಯಲು ಕೇಂದ್ರ ಬದಲಿಸುತ್ತಾರೆ ಎಂಬುದು ಅರ್ಥವಾಗುತ್ತದೆ. ಪಕ್ಕದ ಜಿಲ್ಲೆಗೆ ಬದಲಿಸಿದರೂ ಆ ಕೆಲಸ ಆಗುತ್ತದಲ್ಲ? ಗದಗಕ್ಕೋ ಹಾವೇರಿಗೋ ಹಾಕಿದರೆ ಬೆಳಿಗ್ಗೆ ಎದ್ದು ಬಸ್ ಹತ್ತಬಹುದು. ಅದೂ ಆಗದಿದ್ದರೆ ದೂರದಿಂದ ಬರುವವರಿಗೆ, ಮುಖ್ಯವಾಗಿ ಹೆಣ್ಣುಮಕ್ಕಳಿಗೆ, ಹಿಂದಿನ ರಾತ್ರಿ ಯಾವುದಾದರೂ ಸರ್ಕಾರಿ ಹಾಸ್ಟೆಲ್ಲಿನಲ್ಲಿ ಒಂದು ಚಾಪೆಯ ಜಾಗ ಕೊಡಲಿ. ಅರ್ಜಿ ಶುಲ್ಕ ಕಟ್ಟುವಾಗಲೇ ಬೇಕೋ ಬೇಡವೋ ಎಂದು ಕೇಳಿದರೆ ಸಾಕು, ಆ ಫಾರಂನಲ್ಲಿ ಕೇಳುವ ಮೂವತ್ತು ಪ್ರಶ್ನೆಗಳ ಜತೆ ಇದೊಂದು.